ನಿಮ್ಮ ಕೈಯಲ್ಲಿ ಎಷ್ಟು ಬೆಳಗ್ಗೆ ಇದೆ? ಮಂಗಳೂರು–ಉಡುಪಿಯಿಂದ ಹೊರಡುವ ಮೂರು ದಾರಿಗಳ ಹೋಲಿಕೆ

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರಿನ ನೆಂಟರಿಂದ, ಗೆಳೆಯರಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಮೂರು ದಿನ ರಜೆ ಇದೆ, ನಿಮ್ಮ ಕಡೆ ಬರ್ತೇವೆ. ಬೀಚ್ ಹತ್ತಿರ ಟೆಂಟ್ ಹಾಕ್ಬೇಕು, ಸ್ನಾರ್ಕೆಲಿಂಗ್ ಮಾಡ್ಬೇಕು, ಕಾಡುಪ್ರಾಣಿನೂ ನೋಡ್ಬೇಕು. ಯಾವ ದಾರಿ ಹಿಡಿಯೋದು?"

ಸ್ನಾರ್ಕೆಲಿಂಗ್ ಅಂದರೆ ಮಾಸ್ಕ್ ಹಾಕಿ, ಉಸಿರಾಡುವ ಕೊಳವೆ ಬಾಯಲ್ಲಿಟ್ಟು, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು. ನಾನು ಉಡುಪಿಯವನು. ಈ ಮೂರೂ ಆಸೆ ಇಟ್ಟುಕೊಂಡು ಮನೆಯವರ ಜೊತೆ, ಗೆಳೆಯರ ಜೊತೆ ಇಲ್ಲಿನ ದಾರಿಗಳಲ್ಲಿ ಸಾಕಷ್ಟು ಓಡಾಡಿದ್ದೇನೆ. ಮೊದಲೆಲ್ಲ ಕೇಳಿದವರಿಗೆ ಊರಿನ ಹೆಸರುಗಳ ಉದ್ದ ಪಟ್ಟಿ ಕೊಡುತ್ತಿದ್ದೆ. ಈಗ ಒಂದೇ ಮಾತು ವಾಪಸ್ ಕೇಳುತ್ತೇನೆ: ನಿಮ್ಮ ಕೈಯಲ್ಲಿ ಎಷ್ಟು ಬೆಳಗ್ಗೆ ಇದೆ?

ಯಾಕೆಂದರೆ ನಮ್ಮ ಕಡಲು ಬೆಳಗ್ಗೆಯ ಕಡಲು. ಚಳಿಗಾಲದಲ್ಲಿ ರಾತ್ರಿಯಿಡೀ ನೆಲದ ಕಡೆಯಿಂದ ನೀರಿನ ಕಡೆಗೆ ತಣ್ಣನೆ ಗಾಳಿ ಬೀಸುತ್ತದೆ. ಬೆಳಗ್ಗೆ ಅಲೆ ಸಣ್ಣದು, ನೀರು ತಿಳಿ. ಮಧ್ಯಾಹ್ನ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಪಡುವಣದಿಂದ ಬೀಸಲು ಶುರುವಾದರೆ ಬೋಟ್ ಕುಣಿಯುತ್ತದೆ, ನೀರು ಕಲಕುತ್ತದೆ. ಕಾಡಿನದ್ದೂ ಇದೇ ಕತೆ. ಹಕ್ಕಿ, ಮಂಗ, ಕೆಂದಳಿಲು ಎಲ್ಲ ಓಡಾಡುವುದು ಬಿಸಿಲು ಏರುವ ಮೊದಲು. ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುವುದು ರಾತ್ರಿ, ಅದರ ಹೆಜ್ಜೆ ಸಾಲು ಮರಳಲ್ಲಿ ಅಚ್ಚಾಗಿ ಕಾಣುವುದು ಬೆಳಗಿನ ಜಾವ. ಮೂರು ದಿನದ ಪ್ರವಾಸ ಅಂದರೆ ಎರಡು ರಾತ್ರಿ, ಎರಡೇ ಬೆಳಗ್ಗೆ. ಹೊರಟ ದಿನದ ಬೆಳಗ್ಗೆ ಹೇಗೂ ಘಟ್ಟ ಇಳಿಯುವುದರಲ್ಲಿ ಕಳೆದಿರುತ್ತದೆ. ಒಂದು ಬೆಳಗ್ಗೆಯನ್ನು ಕಡಲಿಗೂ ಕಾಡಿಗೂ ಹಂಚಲು ಆಗುವುದಿಲ್ಲ. ಹಂಚಲು ಹೋದವರು ಒಂಬತ್ತೂವರೆಗೆ ಕಾಡು ತಲುಪಿ "ಏನೂ ಕಾಣಲಿಲ್ಲ" ಅಂತ ಬೇಸರದಲ್ಲಿ ಹಿಂತಿರುಗಿದ್ದನ್ನು ನೋಡಿದ್ದೇನೆ.

ಮೂರು ದಾರಿಗಳಿವೆ. ಒಂದು, ಮಂಗಳೂರಿನಿಂದ ಮಲ್ಪೆಯವರೆಗಿನ ಹತ್ತಿರದ ದಾರಿ. ಎರಡು, ಕುಂದಾಪುರ, ಬೈಂದೂರು ದಾಟಿ ಮುರ್ಡೇಶ್ವರ, ಹೊನ್ನಾವರದವರೆಗಿನ ಬಡಗಿನ ದಾರಿ. ಮೂರು, ಹೆಬ್ರಿ ಮೇಲೆ ಆಗುಂಬೆಗೆ ಹೋಗುವ ಘಟ್ಟದ ದಾರಿ.

ಹತ್ತಿರದ ದಾರಿ: ಸಸಿಹಿತ್ಲು, ಪಡುಬಿದ್ರಿ, ಕಾಪು, ಮಲ್ಪೆ

ಮಂಗಳೂರಿನಿಂದ ಉಡುಪಿಗೆ 60 ಕಿ.ಮೀ. ಒಳಗೆ. ಚಿಕ್ಕ ಮಕ್ಕಳಿದ್ದರೆ, ಅಜ್ಜ ಅಜ್ಜಿ ಜೊತೆಗಿದ್ದರೆ ಬೇರೆ ಯೋಚನೆ ಬೇಡ, ಇದೇ ಸಾಕು. ಮುಲ್ಕಿ ಹತ್ತಿರ ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆ ಒಟ್ಟಾಗಿ ಕಡಲು ಸೇರುತ್ತವೆ. ಆ ಅಳಿವೆಯ ಮರಳ ದಿಬ್ಬದ ಮೇಲೆ ಚಳಿಗಾಲದಲ್ಲಿ ವಲಸೆ ಬಂದ ಕಡಲಕ್ಕಿಗಳು ಗುಂಪು ಗುಂಪಾಗಿ ಕೂತಿರುತ್ತವೆ. ದುರ್ಬೀನು ಇದ್ದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಸರ್ಫಿಂಗ್ ಕಲಿಯುವ ಆಸೆ ಇದ್ದರೂ ಇದೇ ಜಾಗ. ಆದರೆ ಅಳಿವೆಯ ಬಾಯಲ್ಲಿ ಈಜಲು ಇಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ನುಗ್ಗುವ ಸೆಳೆತಕ್ಕೆ ಚೆನ್ನಾಗಿ ಈಜು ಬಲ್ಲವರೂ ನಿಲ್ಲುವುದಿಲ್ಲ.

ಪಡುಬಿದ್ರಿ ಬೀಚಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಶೌಚಾಲಯ, ಸ್ನಾನದ ಜಾಗ, ಕಾಯುವ ಜನ ಇರುವ ಕಡೆ ಮನೆಯವರ ಜೊತೆ ನೀರಿಗಿಳಿಯುವ ನೆಮ್ಮದಿಯೇ ಬೇರೆ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಇದೆ. ಸಂಜೆ ಮೇಲೆ ಹತ್ತಲು ಬಿಡುವ ಹೊತ್ತನ್ನು ಮೊದಲೇ ಕೇಳಿಕೊಂಡು ಹೋಗಿ.

ಈ ದಾರಿಯ ಬಗ್ಗೆ ಜನರಿಗೆ ಇರುವ ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಸ್ನಾರ್ಕೆಲಿಂಗ್ ಮಾಡುವ ಜಾಗ ಅಲ್ಲ. ದ್ವೀಪ ಅಂದ ತಕ್ಷಣ ತಿಳಿನೀರು, ಬಣ್ಣದ ಮೀನು ಅಂದುಕೊಂಡು ಮಾಸ್ಕ್ ಹಿಡಿದು ಬರುವವರಿದ್ದಾರೆ. ದಡಕ್ಕೆ ಇಷ್ಟು ಹತ್ತಿರ ನೀರಿನಲ್ಲಿ ಮಣ್ಣು ಜಾಸ್ತಿ, ಕೆಳಗೆ ಏನೂ ಕಾಣುವುದಿಲ್ಲ. ಬಂಡೆಗಳಿಗೆ ಅಲೆ ಬಡಿಯುತ್ತದೆ, ಬಂಡೆ ತುಂಬಾ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ದ್ವೀಪಕ್ಕೆ ಹೋಗಿ, ಖಂಡಿತ ಹೋಗಿ, ಆದರೆ ಕಲ್ಲು ನೋಡಲು ಹೋಗಿ. ಐದು ಮುಖ, ಆರು ಮುಖದ ಕಂಬಗಳನ್ನು ಯಾರೋ ಜೋಡಿಸಿಟ್ಟ ಹಾಗಿದೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಹೊತ್ತಿನಲ್ಲಿ ಹರಿದ ಲಾವಾ ಆರಿ, ಕುಗ್ಗಿ, ಸೀಳಿ ಆದ ಕಂಬಗಳು ಅವು. ಮಕ್ಕಳಿಗೆ ಅಲ್ಲೇ ನಿಲ್ಲಿಸಿ ಹೇಳಿ, ಶಾಲೆಯಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನೆನಪಿರುತ್ತದೆ. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಟೆಂಟಿನ ಆಸೆ ಬೇಡ. ಮಳೆಗಾಲದಲ್ಲಿ ಬೋಟೂ ಇರುವುದಿಲ್ಲ.

ಒಟ್ಟಿನಲ್ಲಿ ಈ ದಾರಿಯಲ್ಲಿ ಕಡಲಿನ ಆಟ, ಹಕ್ಕಿ, ಒಳ್ಳೆ ಊಟ ಸಿಗುತ್ತದೆ. ಸ್ನಾರ್ಕೆಲಿಂಗ್ ಸಿಗುವುದಿಲ್ಲ.

ಬಡಗಿನ ದಾರಿ: ಮರವಂತೆ, ಮುರ್ಡೇಶ್ವರ, ಹೊನ್ನಾವರ

ನಮ್ಮ ಸುತ್ತಿನಲ್ಲಿ ಸ್ನಾರ್ಕೆಲಿಂಗ್ ಅಂತ ಮನಸ್ಸಿಟ್ಟು ಬಂದವರಿಗೆ ನಾನು ಹೇಳುವುದು ಒಂದೇ ಜಾಗ, ನೇತ್ರಾಣಿ. ಮುರ್ಡೇಶ್ವರದಿಂದ ಕಡಲಲ್ಲಿ ಸುಮಾರು 19 ಕಿ.ಮೀ. ಆಚೆ ಇರುವ ದ್ವೀಪ. ಉಡುಪಿಯಿಂದ ಮುರ್ಡೇಶ್ವರಕ್ಕೆ ಸುಮಾರು 100 ಕಿ.ಮೀ., ಮಂಗಳೂರಿನಿಂದ 155ರ ಆಸುಪಾಸು. ಹೆದ್ದಾರಿ 66ರಲ್ಲಿ ಹೆಜಮಾಡಿ, ಸಾಸ್ತಾನ, ಶಿರೂರು ಅಂತ ಟೋಲ್ ಬರುತ್ತವೆ, ಫಾಸ್ಟ್ಯಾಗಿನಲ್ಲಿ ದುಡ್ಡು ಇರಲಿ.

ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಹೊರಟರೆ ಸಂಜೆಗೆ ಮುರ್ಡೇಶ್ವರ ಆರಾಮಾಗಿ ತಲುಪಬಹುದು. ನಡುವೆ ಮರವಂತೆ ಇದೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಇಲ್ಲಿ ಗಾಡಿ ನಿಲ್ಲಿಸದೆ ಹೋದವರನ್ನು ನಾನು ಕಂಡಿಲ್ಲ. ನಿಲ್ಲಿಸುವುದಾದರೆ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ ನಿಲ್ಲಿಸಿ, ಲಾರಿಗಳು ಅಲ್ಲಿ ನಿಧಾನ ಮಾಡುವುದಿಲ್ಲ.

ನೇತ್ರಾಣಿಗೆ ಬೆಳಗ್ಗೆ ಬೇಗ ಬೋಟ್ ಹೊರಡುತ್ತದೆ. ಒಂದರಿಂದ ಒಂದೂವರೆ ಗಂಟೆಯ ದಾರಿ. 123 ಅಡಿಯ ಶಿವನ ಮೂರ್ತಿ ಹಿಂದೆ ಹಿಂದೆ ಸರಿದು ಹೆಬ್ಬೆರಳಷ್ಟಾಗುತ್ತದೆ. ಆಮೇಲೆ ನೀರಿನ ಬಣ್ಣ ಬದಲಾಗುತ್ತದೆ. ದಡದ ಹತ್ತಿರದ ಮಣ್ಣು ಮಿಶ್ರಿತ ಹಸಿರು ಹೋಗಿ ಗಾಢ ನೀಲಿ ಬರುತ್ತದೆ. ದ್ವೀಪದ ಸುತ್ತ ಕಡಿದಾದ ಬಂಡೆ, ಮೇಲೆ ಕಾಡು. ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿ ಗೂಡು ಕಟ್ಟುತ್ತದೆ, ತಲೆ ಎತ್ತಿ ನೋಡಲು ಮರೆಯಬೇಡಿ. ದ್ವೀಪದ ಮೇಲೆ ಇಳಿಯುವುದಿಲ್ಲ. ಬೋಟನ್ನು ಲಂಗರು ಹಾಕಿ ಪಕ್ಕದಲ್ಲೇ ನೀರಿಗೆ ಇಳಿಸುತ್ತಾರೆ.

ಮೊದಲ ಸಲ ಮುಖ ನೀರಿಗೆ ಇಟ್ಟಾಗ ನನಗೆ ಉಸಿರು ಕಟ್ಟಿದ ಹಾಗಾಗಿತ್ತು. ಲೈಫ್ ಜಾಕೆಟ್ ಇತ್ತು, ಮುಳುಗುವ ಭಯ ಇರಲಿಲ್ಲ. ಆದರೂ ಬಾಯಲ್ಲಿ ಮಾತ್ರ ಉಸಿರಾಡಬೇಕು ಅನ್ನುವುದನ್ನು ಮೈ ಒಪ್ಪುವುದಿಲ್ಲ. ಬೋಟಿನ ಹಗ್ಗ ಹಿಡಿದುಕೊಂಡು ಎರಡು ನಿಮಿಷ ಸುಮ್ನೆ ತೇಲಿದೆ. ಉಸಿರು ಹದಕ್ಕೆ ಬಂತು. ಆಗ ಸದ್ದು ಕೇಳಿತು. ಕೆಳಗಿನಿಂದ ಚಿಟಪಟ, ಚಿಟಪಟ, ಒಲೆಯ ಮೇಲೆ ಎಳ್ಳು ಸಿಡಿದ ಹಾಗೆ. ಬಂಡೆಯ ಸಂದಿನಲ್ಲಿರುವ ಸಣ್ಣ ಸಿಗಡಿಗಳು ಕೊಂಡಿ ಬಡಿಯುವ ಸದ್ದು ಅದು ಅಂತ ಆಮೇಲೆ ತಿಳಿಯಿತು. ಕಣ್ಣ ಕೆಳಗೆ ಹಳದಿ ಮೈಗೆ ಕಪ್ಪು ಪಟ್ಟೆಯ ಮೀನುಗಳ ಹಿಂಡು. ಅದರ ಕೆಳಗೆ ಹಸಿರು ಮಿಶ್ರಿತ ನೀಲಿ ಬಣ್ಣದ ಗಿಳಿಮೀನು ಕೊಕ್ಕಿನಂಥ ಬಾಯಿಂದ ಹವಳದ ಬಂಡೆಯನ್ನು ಕೆರೆಯುತ್ತಿತ್ತು. ಬಿಸಿಲು ನೀರೊಳಗೆ ಕೋಲು ಕೋಲಾಗಿ ಇಳಿದಿತ್ತು. ಪಕ್ಕದಲ್ಲಿ ತೇಲುತ್ತಿದ್ದ ನನ್ನ ಮಗಳು ಕೈ ಹಿಡಿದು ಎಳೆದು ತೋರಿಸಿದ ಮೇಲೆಯೇ ನಾನು ತಲೆ ತಿರುಗಿಸಿದ್ದು, ಒಂದು ಕಡಲಾಮೆ ನಮ್ಮ ಕಡೆ ನೋಡದೆ ನಿಧಾನವಾಗಿ ಆಳಕ್ಕೆ ಹೋಯಿತು.

ಇಷ್ಟು ಸಿಗಬೇಕಾದರೆ ತಿಂಗಳು ಸರಿ ಇರಬೇಕು. ಬೋಟು ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇವರೆಗೆ ಹೋಗುತ್ತದೆ. ನನ್ನ ಮಟ್ಟಿಗೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಅಕ್ಟೋಬರಿನಲ್ಲಿ ಹೊಳೆಗಳು ಮಳೆಯ ಕೆಂಪುನೀರನ್ನು ಇನ್ನೂ ಕಡಲಿಗೆ ತರುತ್ತಿರುತ್ತವೆ. ಏಪ್ರಿಲಿನಲ್ಲಿ ಗಾಳಿ ಜೋರು.

ಮಾಸ್ಕಿನ ವಿಷಯ ಒಂಚೂರು ಹೇಳಲೇಬೇಕು, ಅದರ ಮೇಲೆ ಇಡೀ ಬೆಳಗ್ಗೆ ನಿಂತಿದೆ. ಪಟ್ಟಿ ಹಾಕದೆ ಮುಖಕ್ಕೆ ಇಟ್ಟು ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ನಿಮಗೆ ಸರಿ ಇದೆ. ಬಿದ್ದರೆ ಬೇರೆ ಕೇಳಿ, ನಾಚಿಕೆ ಬೇಡ. ಮೀಸೆ ದಪ್ಪ ಇದ್ದವರಿಗೆ ನೀರು ನುಗ್ಗುತ್ತದೆ, ಮೂಗಿನ ಕೆಳಗೆ ಸ್ವಲ್ಪ ವ್ಯಾಸ್ಲಿನ್ ಹಚ್ಚಿದರೆ ಕಡಿಮೆಯಾಗುತ್ತದೆ. ಗಾಜಿನ ಒಳಗಡೆ ಎಂಜಲು ಉಜ್ಜಿ ತೊಳೆದರೆ ಮಂಜು ಕಟ್ಟುವುದಿಲ್ಲ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಬೇಕು, ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ. ತಿಂಡಿಗೆ ಎರಡು ಇಡ್ಲಿ ಸಾಕು. ಎಣ್ಣೆ ತಿಂಡಿ ತಿಂದು ಬೋಟ್ ಹತ್ತಿದವರ ಪಾಡು ನೋಡಿದ್ದೇನೆ. ವಾಂತಿಯ ಮಾತ್ರೆ ಬೇಕಿದ್ದರೆ ಡಾಕ್ಟರನ್ನು ಕೇಳಿ, ಹೊರಡುವ ಅರ್ಧ ಗಂಟೆ ಮೊದಲೇ ತಗೊಳ್ಳಿ. ಹವಳದ ಮೇಲೆ ಕಾಲಿಡಬೇಡಿ. ಅದು ಕಲ್ಲಲ್ಲ, ಜೀವ. ಗುಡ್ಡೆಯ ಹಾಗೆ ಬೆಳೆಯುವ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ.

ಸ್ನಾರ್ಕೆಲಿಂಗೋ ಸ್ಕೂಬಾವೋ ಅಂತಲೂ ಕೇಳುತ್ತಾರೆ. ಎರಡೂ ಒಂದೇ ಬೋಟಿನಲ್ಲಿ ನಡೆಯುತ್ತದೆ. ಸ್ಕೂಬಾದಲ್ಲಿ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿ ಒಬ್ಬ ಕಲಿಸುವವರು ನಿಮ್ಮನ್ನು ಹಿಡಿದುಕೊಂಡು ಕೆಳಗೆ ಕರೆದೊಯ್ಯುತ್ತಾರೆ, ಹತ್ತಿರದಿಂದ ನೋಡಬಹುದು. ಅಸ್ತಮಾ, ಹೃದಯದ ತೊಂದರೆ, ನೆಗಡಿಯಿಂದ ಕಿವಿ ಕಟ್ಟಿದವರು ಇಳಿಯಬಾರದು. ಸ್ನಾರ್ಕೆಲಿಂಗಿನಲ್ಲಿ ಸಮಯ ನಿಮ್ಮದು, ಮಕ್ಕಳೂ ಜೊತೆಗಿರಬಹುದು. ಮನೆಯವರೆಲ್ಲ ಒಟ್ಟಿಗೆ ಇರಬೇಕು ಅನ್ನುವವರಿಗೆ ನಾನು ಸ್ನಾರ್ಕೆಲಿಂಗನ್ನೇ ಹೇಳುತ್ತೇನೆ.

ಒಂದು ಸಲ ನಾವು ದುಡ್ಡು ಕಟ್ಟಿ ಹೋಗಿದ್ದ ಕಡೆ ಗಾಳಿ ಇದ್ದರೂ ಬೋಟ್ ಬಿಟ್ಟರು. ಅರ್ಧ ದಾರಿಯಲ್ಲಿ ಅಲೆ ಎದ್ದು, ಎಲ್ಲರೂ ನೆನೆದು, ಮಕ್ಕಳು ಅತ್ತು, ವಾಪಸ್ ಬಂದೆವು. ಆ ದಿನ ಬೆಳಗ್ಗೆ ದಡದಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬರು ನಮ್ಮನ್ನು ನೋಡಿ, "ಇವತ್ತ್ ಬ್ಯಾಡ ಮಾರಾಯ್ರೆ, ಗಾಳಿ ಜೋರಿತ್ತ್" ಅಂದಿದ್ದರು. ನಾವು ಕೇಳಲಿಲ್ಲ. ಈಗ ಬೋಟ್ ಹತ್ತುವ ಮೊದಲು ಒಬ್ಬ ಮೀನುಗಾರರನ್ನಾದರೂ ಕೇಳುತ್ತೇನೆ. ಗಾಳಿಗೆ ಬೋಟ್ ರದ್ದಾದರೆ ಮರುದಿನ ಕರೆದೊಯ್ಯುತ್ತಾರಾ, ದುಡ್ಡು ವಾಪಸ್ ಕೊಡುತ್ತಾರಾ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ಸಾಧ್ಯ ಇದ್ದರೆ ಮುರ್ಡೇಶ್ವರಕ್ಕೆ ಒಂದರ ಬದಲು ಎರಡು ಬೆಳಗ್ಗೆ ಇಟ್ಟುಕೊಳ್ಳಿ.

ಮುರ್ಡೇಶ್ವರದಿಂದ ಹೊನ್ನಾವರ ಅರ್ಧ ಮುಕ್ಕಾಲು ಗಂಟೆ. ಅಲ್ಲಿ ಕಾಸರಕೋಡು ಬೀಚ್ ಇದೆ. ಪಡುಬಿದ್ರಿಯ ಜೊತೆಗೇ ಬ್ಲೂ ಫ್ಲ್ಯಾಗ್ ಸಿಕ್ಕಿದ್ದು. ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಮರದ ನಡೆದಾರಿ ಮಾಡಿದ್ದಾರೆ. ಇಳಿತದ ಹೊತ್ತಿಗೆ ಹೋದರೆ ಬೇರುಗಳ ನಡುವೆ ಕೆಸರಿನ ಮೇಲೆ ಏಡಿಗಳು ಓಡಾಡುವುದು ಕಾಣುತ್ತದೆ. ಮಿಂಚುಳ್ಳಿ, ಬೆಳ್ಳಕ್ಕಿ ಧಾರಾಳ.

ಐದಾರು ದಿನ ಇದ್ದವರು ಇನ್ನೂ ಮುಂದೆ ಗೋಕರ್ಣ, ಕಾರವಾರಕ್ಕೆ ಹೋಗಿ ಡಾಲ್ಫಿನ್ ನೋಡಬಹುದು. ಬೋಟಿನವರಿಗೆ "ಅಣ್ಣ, ಇಂಜಿನ್ ಬಂದ್ ಮಾಡಿ ಕಾಯೋಣ" ಅನ್ನಿ. ಅಟ್ಟಿಸಿಕೊಂಡು ಹೋದರೆ ಅವು ಮುಳುಗಿ ದೂರ ಹೋಗುತ್ತವೆ. ಗೋವಾ ದಾಟಿ ಮಾಲ್ವಣದ ಸಿಂಧುದುರ್ಗ ಕೋಟೆಯ ಪಕ್ಕದಲ್ಲೂ ಸ್ನಾರ್ಕೆಲಿಂಗ್ ಇದೆ, ಕೋಟೆ ದಡಕ್ಕೆ ಹತ್ತಿರ. ಆದರೆ ಅದು ಬೇರೆಯೇ ಪ್ರವಾಸ.

ಘಟ್ಟದ ದಾರಿ: ಹೆಬ್ರಿ, ಸೀತಾನದಿ, ಆಗುಂಬೆ

ಮೊದಲು ಒಂದು ಎಚ್ಚರಿಕೆ. ನಮ್ಮಲ್ಲಿ ಸೋಮೇಶ್ವರಗಳು ಹಲವು. ಉಳ್ಳಾಲದ ಹತ್ತಿರ ಸೋಮೇಶ್ವರ ಬೀಚ್, ಬೈಂದೂರಿನಲ್ಲಿ ಇನ್ನೊಂದು ಸೋಮೇಶ್ವರ ಬೀಚ್, ಹೆಬ್ರಿ ಕಡೆ ಸೋಮೇಶ್ವರ ವನ್ಯಜೀವಿ ಧಾಮ. ಕಾಡಿಗೆ ಹೊರಟು ಮ್ಯಾಪ್ ನಂಬಿ ಕಡಲ ದಡಕ್ಕೆ ಹೋಗಿ ನಿಂತರೆ ಅವತ್ತಿನ ಬೆಳಗ್ಗೆ ಹೋಯಿತು. ಫೋನಿನಲ್ಲಿ ಹೆಬ್ರಿ ಅಂತ ಹಾಕಿಕೊಳ್ಳಿ. ಉಡುಪಿಯಿಂದ 30 ಕಿ.ಮೀ. ಮೇಲೆ ಸ್ವಲ್ಪ.

1974ರಲ್ಲಿ ಘೋಷಣೆಯಾದ ಧಾಮ ಇದು. ಇಲ್ಲಿನ ದೊಡ್ಡ ಆಸ್ತಿ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಮಂಗ ಕಾಡಿನಲ್ಲಿ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕೆ ಇರುವಂಥ ಕುಚ್ಚು. ಮರದ ತಲೆಯಲ್ಲೇ ಬದುಕುವ ಪ್ರಾಣಿ. ಕಾಡು ಕಡಿದು ನಡುವೆ ಅಂತರ ಬಿದ್ದರೆ ದಾಟಲು ಕಷ್ಟಪಡುತ್ತದೆ.

ಬಂಡೀಪುರ, ನಾಗರಹೊಳೆ ನೋಡಿ ಬಂದವರು ಇಲ್ಲಿ ಅದೇ ನಿರೀಕ್ಷೆ ಇಟ್ಟುಕೊಳ್ಳಬಾರದು. ಇದು ಮಳೆಕಾಡು. ಹತ್ತು ಮೀಟರ್ ಆಚೆ ಏನಿದೆ ಕಾಣುವುದಿಲ್ಲ. ಇಲ್ಲಿ ಮೊದಲು ಕಿವಿ, ಆಮೇಲೆ ಕಣ್ಣು. ಸೀತಾನದಿ ಪಕ್ಕದಲ್ಲಿ ಒಂದು ಬೆಳಗ್ಗೆ ಆರೂವರೆಗೆ ನಿಂತಿದ್ದಾಗ ತಲೆಯ ಮೇಲೆ ಹುಸ್, ಹುಸ್ ಅಂತ ಸದ್ದು ಬಂತು. ಹಳೆ ಉಗಿಬಂಡಿ ಹೊರಡುವ ಹಾಗೆ. ಮರದ ಎಲೆ ಸಂದಿನಲ್ಲಿ ನೋಡಿದರೆ ದೊಡ್ಡ ಮಂಗಟ್ಟೆ ಹಕ್ಕಿ ಹೊಳೆ ದಾಟುತ್ತಿತ್ತು. ರೆಕ್ಕೆ ಬಡಿದ ಸದ್ದು ಹಕ್ಕಿಗಿಂತ ಮೊದಲು ಬಂದಿತ್ತು. ಆ ಒಂದು ಸದ್ದಿಗಾಗಿ ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗಿದ್ದೇನೆ.

ಉಳಿಯಲು ಸೀತಾನದಿ ದಡದಲ್ಲಿ ನೇಚರ್ ಕ್ಯಾಂಪ್ ಇದೆ, ಮೊದಲೇ ಬುಕ್ ಮಾಡಬೇಕು. ಕಾಡಿನೊಳಗೆ ನಮ್ಮಷ್ಟಕ್ಕೆ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ. ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಆಗುಂಬೆ ಘಾಟಿಯ ತಿರುವುಗಳಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು, ಚಿಪ್ಸ್ ಕೊಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ತಿಂಡಿಯ ಆಸೆಗೆ ಅವು ರಸ್ತೆಗೆ ಇಳಿಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ದಯವಿಟ್ಟು ಕೊಡಬೇಡಿ, ಮಕ್ಕಳು ಹಟ ಮಾಡಿದರೂ ಕೊಡಬೇಡಿ.

ಮಳೆಗಾಲದಲ್ಲಿ ಉಂಬಳ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಎಚ್ಚರ ಬೇಕಾದದ್ದು ಡಿಸೆಂಬರಿನಿಂದ ಮೇವರೆಗೆ, ಉಣುಗಿನ ವಿಷಯದಲ್ಲಿ. ಮಂಗನ ಕಾಯಿಲೆ ಹರಡುವುದು ಈ ಸಣ್ಣ ಉಣುಗಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಅದು. ಉದ್ದ ತೋಳಿನ ಅಂಗಿ, ಪ್ಯಾಂಟಿನ ಕಾಲು ಸಾಕ್ಸಿನೊಳಗೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ನೆನೆಹಾಕುವುದು. ತರಗೆಲೆ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ವಾಪಸ್ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು.

ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಇದೇ ಸಾಲಿನಲ್ಲಿದೆ, ಕಾರ್ಕಳ, ಬಜಗೋಳಿ ಮೇಲೆ ಹೋಗಬೇಕು. ಗುಡ್ಡಗಳ ಮಡಿಲಲ್ಲಿ ಬೆಳೆಯುವ ಶೋಲಾ ಕಾಡು, ಹುಲ್ಲುಗುಡ್ಡ ನೋಡಲು ಚೆಂದ. ಆದರೆ ಕಾಡಿನ ರಸ್ತೆಯಲ್ಲಿ ನಡುವೆ ನಿಲ್ಲಿಸುವಂತಿಲ್ಲ, ಗೇಟಿನಲ್ಲಿ ಬರೆದುಕೊಟ್ಟ ಹೊತ್ತಿನೊಳಗೆ ಆಚೆ ಗೇಟ್ ದಾಟಬೇಕು. ಚಾರಣ ಬುಕ್ ಆಗಿದ್ದರೆ ಮಾತ್ರ ಅದನ್ನು ಸೇರಿಸಿ.

ಟೆಂಟ್: ಎಲ್ಲಿ, ಹೇಗೆ

ಸಾರ್ವಜನಿಕ ಬೀಚಿನಲ್ಲಿ ಸಿಕ್ಕಲ್ಲಿ ಟೆಂಟ್ ಹಾಕಬೇಡಿ. ಮೀನುಗಾರರ ದೋಣಿ ಎಳೆಯುವ ಜಾಗ ಇರಬಹುದು, ಪೊಲೀಸರು ಎಬ್ಬಿಸಬಹುದು, ಉಬ್ಬರ ಬರಬಹುದು. ಕುಂದಾಪುರದಿಂದ ಮುರ್ಡೇಶ್ವರದವರೆಗೆ ತೋಟದ ಜಾಗದಲ್ಲಿ ಟೆಂಟ್ ಹಾಕಲು ಬಿಡುವ ಹೋಮ್‌ಸ್ಟೇಗಳು ಬೇಕಾದಷ್ಟಿವೆ. ಶೌಚಾಲಯ, ಬಾವಿನೀರು, ಬೆಳಗ್ಗೆ ನೀರುದೋಸೆ ಸಿಗುತ್ತದೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ಕ್ಯಾಂಪಿಂಗ್.

ಒಮ್ಮೆ ಕುಂದಾಪುರದ ಆಚೆ ನಮ್ಮ ಟೆಂಟನ್ನು ಅಲ್ಲಿಯವರು ತೆಂಗಿನಮರದ ಬುಡದಲ್ಲೇ ಹಾಕಿಕೊಟ್ಟಿದ್ದರು. ನೆರಳು ಚೆನ್ನಾಗಿದೆ ಅಂತ ನಾವೂ ಸುಮ್ಮನಾದೆವು. ರಾತ್ರಿ ಎರಡು ಗಂಟೆಗೆ ಒಣ ಮಡಲು ಟೆಂಟಿನ ಮೇಲೆ ಬಿತ್ತು. ಕೋಲು ಮುರಿಯಿತು, ಯಾರಿಗೂ ಪೆಟ್ಟಾಗಲಿಲ್ಲ. ಬಿದ್ದದ್ದು ಕಾಯಿ ಆಗಿದ್ದರೆ ಅಂತ ಈಗಲೂ ಮೈ ನಡುಗುತ್ತದೆ. ತೆಂಗಿನಮರದ ಕೆಳಗೆ ಬೇಡವೇ ಬೇಡ. ಗಾಳಿಮರದ ಸಾಲಿನ ಹಿಂದೆ ಹಾಕಿ. ಗಾಳಿಗೆ ತಡೆ ಆಗುತ್ತದೆ, ಕೆಳಗೆ ಬಿದ್ದ ಸಣ್ಣ ಎಲೆ ಹಾಸಿಗೆಯ ಹಾಗಿರುತ್ತದೆ.

ಮರಳಲ್ಲಿ ಟೆಂಟಿನ ಮೊಳೆ ನಿಲ್ಲುವುದಿಲ್ಲ, ಎಷ್ಟು ಹೊಡೆದರೂ ಬೆಳಗಾಗುವುದರೊಳಗೆ ಕಿತ್ತು ಬರುತ್ತದೆ. ಅದಕ್ಕೆ ನಾವು ಮಾಡುವುದು ಇಷ್ಟು. ಒಂದು ಸೇರು ಅಕ್ಕಿ ಹಿಡಿಯುವಷ್ಟು ಬಟ್ಟೆ ಚೀಲ ನಾಲ್ಕು, ಹಗ್ಗ. ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ, ಟೆಂಟಿನ ಹಗ್ಗವನ್ನು ಅದಕ್ಕೆ ಬಿಗಿದು, ಮೊಣಕಾಲುದ್ದ ಗುಂಡಿ ತೋಡಿ ಹೂಳಿ ಮೇಲೆ ತುಳಿಯುವುದು. ಚೀಲ ಇಲ್ಲದಿದ್ದರೆ ತೆಂಗಿನ ಸಿಪ್ಪೆಯೂ ಆಗುತ್ತದೆ. ಬೆಳಗ್ಗೆ ಅಗೆದು ತೆಗೆದು ಗುಂಡಿ ಮುಚ್ಚಿ ಹೋಗಿ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಡಲಾಮೆಗಳು ನಮ್ಮ ದಡಕ್ಕೆ ಬರುವ ಕಾಲ. ಹೊನ್ನಾವರದ ಕಾಸರಕೋಡು ಕಡೆ ಅರಣ್ಯದವರು, ಊರವರು ಸೇರಿ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತಾರೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ಮರಿಗಳು ಕಡಲಿನ ಮೇಲಿನ ಬೆಳಕು ನೋಡಿ ನೀರಿನ ದಾರಿ ಹುಡುಕುತ್ತವೆ. ದಡದಲ್ಲಿ ಬೆಂಕಿ, ಬಿಳಿ ಟಾರ್ಚು, ಬಣ್ಣದ ಲೈಟಿನ ಸರ ಹಾಕಿದರೆ ಅವು ತಪ್ಪಿ ರಸ್ತೆ ಕಡೆ ಹೋಗುತ್ತವೆ. ಬೀಚಿನಲ್ಲಿ ರಾತ್ರಿ ಬೆಳಕು ಬೇಡ. ನಡೆಯಲೇಬೇಕಿದ್ದರೆ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ. ಮರಳಿನ ಮೇಲೆ ಜೀಪು ಓಡಿಸುವವರನ್ನು ಕಂಡರೆ 112ಕ್ಕೆ ಫೋನ್ ಮಾಡಲು ನಾನು ಹಿಂದೆ ಮುಂದೆ ನೋಡುವುದಿಲ್ಲ.

ನನ್ನ ಆಯ್ಕೆ

ಒಂದೇ ಬೆಳಗ್ಗೆ ಇದ್ದರೆ ಹತ್ತಿರದ ದಾರಿ. ಎರಡಿದ್ದರೆ ಕಡಲೋ ಕಾಡೋ ಒಂದನ್ನು ಹಿಡಿಯಿರಿ, ಎರಡನ್ನೂ ಅದಕ್ಕೇ ಕೊಡಿ. ಜೊತೆಗಿರುವವರಲ್ಲಿ ನೀರಿನ ಭಯ ಇರುವವರು ಜಾಸ್ತಿ ಇದ್ದರೆ ಹೆಬ್ರಿ. ಬೋಟಿನ ಮೇಲೆ ಕುಣಿಯುವ ವಯಸ್ಸಿನವರಿದ್ದರೆ ಮುರ್ಡೇಶ್ವರ.

ನಾಲ್ಕು ಬೆಳಗ್ಗೆ ಇದ್ದರೆ ಮಾತ್ರ ಎರಡನ್ನೂ ಸೇರಿಸಿ, ಮತ್ತು ಕಾಡು ಮೊದಲು, ಕಡಲು ಆಮೇಲೆ. ಇದಕ್ಕೆ ಗಟ್ಟಿ ಕಾರಣ ಇದೆ. ಸ್ಕೂಬಾ ಮಾಡಿದ ಮೇಲೆ ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲು ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗಿ ಕೀಲು ನೋವಿನಿಂದ ಹಿಡಿದು ದೊಡ್ಡ ಅಪಾಯದವರೆಗೆ ಆಗಬಹುದು. ವಿಮಾನ ಹತ್ತುವುದಕ್ಕೆ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು ಅನ್ನುತ್ತಾರೆ. ಆಗುಂಬೆ ಕಡಲಮಟ್ಟದಿಂದ 600 ಮೀಟರಿಗಿಂತ ಮೇಲಿದೆ, ಘಟ್ಟ ಹತ್ತುವಾಗಲೂ ಅದೇ ಲೆಕ್ಕ ಇಟ್ಟುಕೊಳ್ಳಿ. ಬೆಳಗ್ಗೆ ನೇತ್ರಾಣಿಯಲ್ಲಿ ಡೈವ್ ಮಾಡಿ ಸಂಜೆಯೇ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರು ಇದನ್ನು ಯೋಚಿಸಲೇಬೇಕು. ಬರೀ ಸ್ನಾರ್ಕೆಲಿಂಗ್ ಆದರೆ ಈ ತೊಂದರೆ ಇಲ್ಲ.

ನಾವು ಕಳೆದ ಸಲ ಮಾಡಿದ್ದು ಹೀಗೆ. ಮೊದಲ ಸಂಜೆ ಹೆಬ್ರಿ. ಮೊದಲ ಬೆಳಗ್ಗೆ ಸೀತಾನದಿ, ಸಂಜೆ ಆಗುಂಬೆಯ ಸೂರ್ಯಾಸ್ತ. ಎರಡನೇ ಬೆಳಗ್ಗೆ ಮತ್ತೆ ಕಾಡು, ಮಧ್ಯಾಹ್ನ ಕೆಳಗೆ ಇಳಿದು ಕುಂದಾಪುರದಲ್ಲಿ ಊಟ, ಸಂಜೆಗೆ ಮುರ್ಡೇಶ್ವರದ ಹತ್ತಿರ ಟೆಂಟ್. ಮೂರನೇ ಬೆಳಗ್ಗೆ ನೇತ್ರಾಣಿ. ನಾಲ್ಕನೆಯದನ್ನು ಗಾಳಿ ಕೈಕೊಟ್ಟರೆ ಇರಲಿ ಅಂತ ಖಾಲಿ ಇಟ್ಟಿದ್ದೆವು. ಗಾಳಿ ಕೈಕೊಡಲಿಲ್ಲ, ಮೂರನೇ ದಿನವೇ ಬೋಟ್ ಹೋಗಿ ಬಂತು. ಉಳಿದ ಆ ಬೆಳಗ್ಗೆ ಐದೂವರೆಗೆ ಕಾಸರಕೋಡಿನ ದಡದಲ್ಲಿ ನಡೆಯುತ್ತಿದ್ದಾಗ ಒದ್ದೆ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರ ಉರುಳಿದ ಹಾಗೆ ಎರಡು ಸಾಲು ಗುರುತು ಕಂಡಿತು. ಕಡಲಿನಿಂದ ಮೇಲಕ್ಕೆ ಒಂದು, ಮೇಲಿನಿಂದ ಕಡಲಿಗೆ ಒಂದು. ನಡುವೆ ಕೆದಕಿ ಮುಚ್ಚಿದ ಮರಳು. ನಾವು ದೂರದಲ್ಲೇ ನಿಂತು, ಯಾರೂ ತುಳಿಯದ ಹಾಗೆ ಸುತ್ತ ನಾಲ್ಕು ಕಡ್ಡಿ ನೆಟ್ಟು, ಅರಣ್ಯದವರು ಬರುವವರೆಗೆ ಅಲ್ಲೇ ಕೂತಿದ್ದೆವು.